ಕೆಲಸದ ಸ್ಥಳಗಳಲ್ಲಿ ಸಾಗಿಸಬಹುದಾದ ವಿದ್ಯುತ್ ಉಪಕರಣಗಳ ಸುರಕ್ಷತಾ ಪರೀಕ್ಷೆ

ಕಚೇರಿ, ಕಾರ್ಖಾನೆ, ಹೋಟೆಲ್, ಗ್ಯಾರೇಜು, ಕಟ್ಟಡ ನಿರ್ಮಾಣ ಸ್ಥಳ, ಶಾಲೆ, ಆಸ್ಪತ್ರೆ ಮುಂತಾದ ಕೆಲಸದ ಸ್ಥಳಗಳಲ್ಲಿ ದಿನನಿತ್ಯ ಬಳಕೆಯಾಗುವ ವಿದ್ಯುತ್ ಉಪಕರಣಗಳಲ್ಲಿ ಅನೇಕವು ಗೋಡೆಗೆ ಖಾಯಂ ಆಗಿ ಜೋಡಿಸಿದವುಗಳಲ್ಲ. ಅವು ಒಂದು ವೈರು ಮತ್ತು ಒಂದು ಪ್ಲಗ್ಗಿನ ಮೂಲಕ ವಿದ್ಯುತ್ ಪಡೆಯುತ್ತವೆ ಹಾಗೂ ಒಂದೆಡೆಯಿಂದ ಮತ್ತೊಂದೆಡೆಗೆ ಸಾಗುತ್ತಿರುತ್ತವೆ. ಕಟ್ಟಡದ ವೈರಿಂಗ್ ಅನ್ನು ಪರವಾನಗಿ ಪಡೆದ ಗುತ್ತಿಗೆದಾರರಿಂದ ಮಾಡಿಸಿ, ಪರೀಕ್ಷಾ ವರದಿ ಪಡೆದು, ನಂತರವೇ ವಿದ್ಯುತ್ ಸಂಪರ್ಕ ಪಡೆಯುವ ಪದ್ಧತಿ ರಾಜ್ಯದಲ್ಲಿ ಬಹುಕಾಲದಿಂದ ರೂಢಿಯಲ್ಲಿರುತ್ತದೆ. ಆದರೆ ಅದೇ ಕಟ್ಟಡದೊಳಗೆ ಕೈಯಿಂದ ಕೈಗೆ ದಾಟುವ ಡ್ರಿಲ್ಲು, ಗ್ರೈಂಡರು, ಇಸ್ತ್ರಿ ಪೆಟ್ಟಿಗೆ ಹಾಗೂ ಎಕ್ಸ್‌ಟೆನ್ಷನ್ ಬಾಕ್ಸುಗಳನ್ನು ಖರೀದಿಸಿದ ದಿನದ ನಂತರ ಯಾರೂ ಬಿಚ್ಚಿ ನೋಡದಿರುವ ಸಾಧ್ಯತೆಯೇ ಹೆಚ್ಚು.

ಉಪಕರಣವು ಚಾಲನೆಯಲ್ಲಿರುವುದೇ ಅದು ಸುರಕ್ಷಿತವಾಗಿದೆ ಎಂಬುದಕ್ಕೆ ಸಾಕ್ಷಿ ಎಂಬ ನಂಬಿಕೆ ಸಾಮಾನ್ಯವಾಗಿರುತ್ತದೆ. ಈ ನಂಬಿಕೆ ತಪ್ಪು. ಮನುಷ್ಯನ ಜೀವ ಕಾಯುವ ಭೂಸಂಪರ್ಕದ ತಂತಿ ತುಂಡಾಗಿದ್ದರೂ ಯಂತ್ರ ಎಂದಿನಂತೆಯೇ ತಿರುಗುತ್ತದೆ, ಇಸ್ತ್ರಿ ಪೆಟ್ಟಿಗೆ ಎಂದಿನಂತೆಯೇ ಕಾಯುತ್ತದೆ. ಆ ದೋಷವನ್ನು ಕಂಡುಹಿಡಿಯಲು ಇರುವ ಮಾರ್ಗ ಪರೀಕ್ಷೆಯೊಂದೇ. ಪರೀಕ್ಷೆ ನಡೆಯದಿದ್ದಲ್ಲಿ ಅದನ್ನು ಮೊದಲು ಕಂಡುಹಿಡಿಯುವುದು ಕೆಲಸಗಾರನ ಕೈ. ಈ ಹಿನ್ನೆಲೆಯಲ್ಲಿ ಮಾಲೀಕರು, ಮೇಲ್ವಿಚಾರಕರು ಹಾಗೂ ಕೆಲಸಗಾರರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಸಾಗಿಸಬಹುದಾದ ಉಪಕರಣ ಎಂದರೆ ಯಾವುದು?

ವೈರು ಮತ್ತು ಪ್ಲಗ್ಗಿನ ಮೂಲಕ ವಿದ್ಯುತ್ ಪಡೆಯುವ, ಕೈಯಲ್ಲಿ ಹಿಡಿದು ಬಳಸುವ ಅಥವಾ ಸ್ಥಳದಿಂದ ಸ್ಥಳಕ್ಕೆ ಒಯ್ಯಬಹುದಾದ ಯಾವುದೇ ಉಪಕರಣ ಈ ವ್ಯಾಪ್ತಿಗೆ ಬರುತ್ತದೆ. ಕೈ ಡ್ರಿಲ್ಲು, ಕಲ್ಲು ಕತ್ತರಿಸುವ ಯಂತ್ರ, ಕಾಂಕ್ರೀಟ್ ವೈಬ್ರೇಟರ್, ವೆಲ್ಡಿಂಗ್ ಸೆಟ್, ವಾಹನ ತೊಳೆಯುವ ಪಂಪು, ಸ್ಟ್ಯಾಂಡ್ ಫ್ಯಾನು, ಮಿಕ್ಸಿ, ನೀರು ಕಾಯಿಸುವ ಕಾಯಿಲ್, ಗಣಕಯಂತ್ರ, ಮುದ್ರಕ ಮುಂತಾದವು ಉದಾಹರಣೆಗಳು. ಎಕ್ಸ್‌ಟೆನ್ಷನ್ ಬಾಕ್ಸನ್ನು ಉಪಕರಣವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲವಾದರೂ ಅದನ್ನು ಮೊದಲು ಪರೀಕ್ಷಿಸುವುದು ಸೂಕ್ತ. ಏಕೆಂದರೆ ಅದರ ಮೂರನೆಯ ತಂತಿ ತುಂಡಾಗಿದ್ದಲ್ಲಿ ಅದಕ್ಕೆ ಜೋಡಿಸಿದ ಎಲ್ಲ ಉಪಕರಣಗಳೂ ಏಕಕಾಲಕ್ಕೆ ರಕ್ಷಣೆ ಕಳೆದುಕೊಳ್ಳುತ್ತವೆ.

ರಕ್ಷಣೆಯ ಬಗೆಯನ್ನು ಅನುಸರಿಸಿ ಉಪಕರಣಗಳನ್ನು ವರ್ಗಗಳಾಗಿ ವಿಂಗಡಿಸಲಾಗಿದೆ. ಲೋಹದ ಹೊರಮೈ ಇದ್ದು, ಅದನ್ನು ಮೂರನೆಯ ತಂತಿಯ ಮೂಲಕ ಭೂಮಿಗೆ ಜೋಡಿಸಿರುವಂತಹವು ಒಂದನೆಯ ವರ್ಗದವು. ಒಳಗೆ ಎರಡು ಪದರ ಅಥವಾ ಬಲಪಡಿಸಿದ ಅವಾಹಕ ಹೊದಿಕೆ ಇದ್ದು, ಭೂಸಂಪರ್ಕದ ಅಗತ್ಯವೇ ಇಲ್ಲದಂತೆ ತಯಾರಿಸಿದವು ಎರಡನೆಯ ವರ್ಗದವು. ಇವುಗಳ ನಾಮಫಲಕದ ಮೇಲೆ ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತು ಮುದ್ರಿತವಾಗಿರುತ್ತದೆ. ಈ ಗುರುತು ಇರುವ ಡ್ರಿಲ್ಲಿಗೆ ಎರಡೇ ತಂತಿಯ ವೈರು ಇರುವುದು ಸರಿಯಾದ ಕ್ರಮ. ಗುರುತು ಇಲ್ಲದ ಲೋಹದ ಉಪಕರಣಕ್ಕೆ ಎರಡು ತಂತಿಯ ವೈರು ಜೋಡಿಸಿದ್ದರೆ ಅದು ಅಪಾಯಕಾರಿ. ಮೂರನೆಯ ವರ್ಗದವು 50 ವೋಲ್ಟಿಗಿಂತ ಹೆಚ್ಚಿಲ್ಲದ, ಸುರಕ್ಷಿತವಾಗಿ ಬೇರ್ಪಡಿಸಿದ ಕಡಿಮೆ ಒತ್ತಡದಲ್ಲಿ ನಡೆಯುವಂತಹವು. ಬಾಯ್ಲರ್, ಟ್ಯಾಂಕು ಮುಂತಾದ ಇಕ್ಕಟ್ಟಿನ ಲೋಹದ ಆವರಣಗಳೊಳಗೆ ಬಳಸುವ ಕೈದೀಪಗಳು ಈ ವರ್ಗದವೇ ಆಗಿರಬೇಕು. 24 ವೋಲ್ಟಿನ ಕೈದೀಪ ಅಲ್ಲಿ ವಾಡಿಕೆ.

ಮೂರನೆಯ ತಂತಿಯ ಕೆಲಸ

ಮೂರು ತಂತಿಯ ವೈರಿನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್, ಮತ್ತೊಂದು ಜನಬಳಕೆಯಲ್ಲಿ ಅರ್ಥ್ ಎನ್ನಲಾಗುವ ಭೂಸಂಪರ್ಕದ ತಂತಿ. ಯಂತ್ರ ನಡೆಯಲು ಮೊದಲ ಎರಡು ಸಾಕು. ಮೂರನೆಯದರಲ್ಲಿ ಸಾಮಾನ್ಯ ದಿನಗಳಲ್ಲಿ ವಿದ್ಯುತ್ ಹರಿಯುವುದೇ ಇಲ್ಲ ಎನ್ನಬಹುದು. ಒಳಗಿನ ಫೇಸ್ ತಂತಿಯ ಹೊದಿಕೆ ಸವೆದು ಅದು ಲೋಹದ ಮೈಗೆ ತಾಗಿದಾಗ ಮಾತ್ರ ಈ ತಂತಿಗೆ ಕೆಲಸ ಬೀಳುತ್ತದೆ. ಆಗ ವಿದ್ಯುತ್ತನ್ನು ತನ್ನ ಮೂಲಕ ಹರಿಯಗೊಟ್ಟು, ಮನುಷ್ಯನ ದೇಹದ ಮೂಲಕ ಹರಿಯದಂತೆ ತಡೆಯುವುದು ಇದರ ಹೊಣೆ. ತ್ರೀ-ಪಿನ್ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದು ಇದೇ ಕಾರಣದಿಂದ. ಪ್ಲಗ್ ಹಾಕುವಾಗ ಭೂಸಂಪರ್ಕವೇ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು.

ಹೀಗಿದ್ದರೂ ಕೆಲಸದ ಸ್ಥಳಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗುವುದು ಈ ತಂತಿಯೇ. ಎರಡು ರಂಧ್ರದ ಸಾಕೆಟ್ಟಿಗೆ ಹೊಂದುವಂತೆ ಮೇಲಿನ ಪಿನ್ನನ್ನು ಕತ್ತರಿಸುವುದು, ಸುಟ್ಟ ವೈರಿನ ಬದಲಿಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಎರಡು ತಂತಿಯ ವೈರು ಹಾಕುವುದು, ಪ್ಲಗ್ ಇಲ್ಲದೆ ತಂತಿಯ ತುದಿಗಳನ್ನೇ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿ ಮಾಡುವುದು, ಇವೆಲ್ಲವೂ ಯಂತ್ರದ ಓಟಕ್ಕೆ ಅಡ್ಡಿಯಾಗುವುದಿಲ್ಲ. ಆದ್ದರಿಂದಲೇ ಇವು ತಿಂಗಳುಗಟ್ಟಲೆ ಹಾಗೆಯೇ ಮುಂದುವರಿಯುತ್ತವೆ.

ಕಚೇರಿಗಳಲ್ಲಿಯೂ ಇದರ ಸೂಚನೆ ದೊರೆಯುತ್ತದೆ. ಗಣಕಯಂತ್ರದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಕೈ ಜುಮ್ಮೆನ್ನುವುದು ಅನೇಕರ ಅನುಭವದಲ್ಲಿದೆ. ಅದರೊಳಗಿನ ವಿದ್ಯುತ್ ಸರಬರಾಜು ಘಟಕದಲ್ಲಿ ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಮೈಗೆ ಸಣ್ಣ ಕೆಪಾಸಿಟರ್‌ಗಳು ಜೋಡಣೆಯಾಗಿರುತ್ತವೆ. ಭೂಸಂಪರ್ಕ ಇಲ್ಲವಾದಾಗ ಪೆಟ್ಟಿಗೆಯು ಸುಮಾರು 115 ವೋಲ್ಟಿನಷ್ಟು, ಅಂದರೆ ಮನೆಬಳಕೆಯ 230 ವೋಲ್ಟಿನ ಅರ್ಧದಷ್ಟು ಒತ್ತಡದಲ್ಲಿ ನಿಲ್ಲುತ್ತದೆ. ಹರಿಯುವ ವಿದ್ಯುತ್ ಅತ್ಯಲ್ಪವಾದ್ದರಿಂದ ಇದರಿಂದಲೇ ಜೀವಹಾನಿಯಾಗುವುದಿಲ್ಲ. ಆದರೆ ಆ ಸಾಕೆಟ್ಟಿಗೆ ಭೂಸಂಪರ್ಕವೇ ಇಲ್ಲ ಎಂಬುದನ್ನು ಅದು ಖರ್ಚಿಲ್ಲದೆ ತಿಳಿಸುತ್ತಿರುತ್ತದೆ. ಅದೇ ಸಾಕೆಟ್ಟಿಗೆ ನಾಳೆ ನೀರಿನ ಕೆಟಲ್ ಜೋಡಣೆಯಾಗಬಹುದು.

ಫ್ಯೂಸ್ ಮತ್ತು ಎಂಸಿಬಿ ಏಕೆ ಸಾಲದು?

ಫ್ಯೂಸ್ ಅಥವಾ ಎಂಸಿಬಿ ಇರುವುದರಿಂದ ಶಾಕ್ ಹೊಡೆದರೆ ತಾನಾಗಿಯೇ ವಿದ್ಯುತ್ ಕಡಿತವಾಗುತ್ತದೆ ಎಂದು ಭಾವಿಸಲಾಗುತ್ತದೆ. ಈ ಸಾಧನಗಳು ಇರುವುದು ಮುಖ್ಯವಾಗಿ ವೈರು ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವುದನ್ನು ತಪ್ಪಿಸಲು. ಒದ್ದೆ ಕೈಯಿಂದ ಮುಟ್ಟಿದಾಗ ಮನುಷ್ಯ ದೇಹದ ರೋಧ ಸುಮಾರು 1000 ಓಮ್ ಎಂದು ತೆಗೆದುಕೊಂಡರೆ, 230 ವೋಲ್ಟಿನಲ್ಲಿ ದೇಹದ ಮೂಲಕ ಹರಿಯುವುದು 230 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಕಾಲು ಭಾಗಕ್ಕಿಂತಲೂ ಕಡಿಮೆ. 6 ಆಂಪಿಯರಿನ ಎಂಸಿಬಿಗೆ ಇದು ಒಂದು ಸಣ್ಣ ದೀಪ ಉರಿದಷ್ಟೇ ಲೆಕ್ಕ. ಅದು ಟ್ರಿಪ್ ಆಗುವುದಿಲ್ಲ. ಆದರೆ ದೇಹದ ಲೆಕ್ಕ ಬೇರೆ. ಸುಮಾರು 10 ಮಿಲಿ ಆಂಪಿಯರಿನಲ್ಲಿ ಸ್ನಾಯುಗಳು ಸೆಟೆದು, ಹಿಡಿದ ವಸ್ತುವನ್ನು ಬಿಡಲಾಗದ ಸ್ಥಿತಿ ಉಂಟಾಗಬಹುದು. 30 ಮಿಲಿ ಆಂಪಿಯರಿನ ಆಸುಪಾಸಿನಲ್ಲಿ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಸೆಕೆಂಡಿನ ಆಸುಪಾಸು ಹರಿದಲ್ಲಿ ಹೃದಯದ ಬಡಿತ ತಾಳ ತಪ್ಪಿ ಸಾವು ಸಂಭವಿಸಬಹುದು. ಕೈಯಲ್ಲಿ ಹಿಡಿದು ಬಳಸುವ ಉಪಕರಣವು ಗೋಡೆಗೆ ಜೋಡಿಸಿದ ಉಪಕರಣಕ್ಕಿಂತ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ಕಾರಣ ಇದೇ. ಸ್ನಾಯು ಸೆಟೆದಾಗ ಬೆರಳುಗಳು ಅದನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತವೆ.

ಭೂಸಂಪರ್ಕ ಸರಿಯಿದ್ದ ಮಾತ್ರಕ್ಕೆ ಎಂಸಿಬಿ ಬೀಳುತ್ತದೆ ಎಂಬ ಭರವಸೆಯೂ ಇಲ್ಲ. ಕಟ್ಟಡದ ಭೂಸಂಪರ್ಕ ಗುಂಡಿಯ ರೋಧ 10 ಓಮ್ ಇದ್ದು, ಸೋರಿದ ವಿದ್ಯುತ್ ಆ ಗುಂಡಿಯ ಮೂಲಕವೇ ಮಣ್ಣಿಗಿಳಿದು ಮರಳಬೇಕಾಗಿದ್ದಲ್ಲಿ ಹರಿಯುವುದು ಹೆಚ್ಚೆಂದರೆ 23 ಆಂಪಿಯರ್. ಇಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಒಂದು ಗಂಟೆಯಾದರೂ ಬೀಳದಿರಬಹುದು. ಅಷ್ಟು ಹೊತ್ತೂ ಯಂತ್ರದ ಮೈ ಅಪಾಯಕಾರಿ ಒತ್ತಡದಲ್ಲಿಯೇ ಇರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿ ಗುಂಡಿಯ ರೋಧ ಏರುವುದರಿಂದಲೇ ಭೂಸಂಪರ್ಕ ಗುಂಡಿಗೆ ನೀರು ಹಾಕುವ ಪದ್ಧತಿ ಇರುವುದು. ಕಲ್ಲುನೆಲದ ಪ್ರದೇಶಗಳಲ್ಲಿ ಈ ಬಗ್ಗೆ ಹೆಚ್ಚಿನ ಗಮನ ಹರಿಸಬೇಕಾಗುತ್ತದೆ.

ಈ ಕೊರತೆಯನ್ನು ತುಂಬುವುದು ಆರ್‌ಸಿಸಿಬಿ ಎಂಬ ಸೋರಿಕೆ ರಕ್ಷಣಾ ಸಾಧನ. ಇದು ಫೇಸ್ ತಂತಿಯಲ್ಲಿ ಹೋದ ವಿದ್ಯುತ್ತನ್ನೂ ನ್ಯೂಟ್ರಲ್‌ನಲ್ಲಿ ಮರಳಿದ ವಿದ್ಯುತ್ತನ್ನೂ ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಸಾಮರ್ಥ್ಯದ ಸಾಧನವು, ವ್ಯತ್ಯಾಸ ಅಷ್ಟನ್ನು ಮುಟ್ಟಿದಲ್ಲಿ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ಇದ್ದಲ್ಲಿ 0.04 ಸೆಕೆಂಡಿನೊಳಗೆ ಸರಬರಾಜನ್ನು ಕಡಿಯಬೇಕು. ಕೈ ಉಪಕರಣಗಳಿಗೆ ವಿದ್ಯುತ್ ಒದಗಿಸುವ ಸಾಕೆಟ್ಟುಗಳಿಗೆ 30 ಮಿಲಿ ಆಂಪಿಯರಿನ ಸಾಧನವನ್ನೇ ಅಳವಡಿಸುವುದು ಸೂಕ್ತ. 100 ಅಥವಾ 300 ಮಿಲಿ ಆಂಪಿಯರಿನವು ಬೆಂಕಿಯಿಂದ ಕಟ್ಟಡವನ್ನು ಕಾಯಬಲ್ಲವಾದರೂ ಯಂತ್ರ ಹಿಡಿದವನನ್ನು ಕಾಯುತ್ತವೆ ಎನ್ನಲಾಗದು. ಒಬ್ಬ ವ್ಯಕ್ತಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಏಕಕಾಲಕ್ಕೆ ಮುಟ್ಟಿ, ಭೂಮಿಗೆ ಸೋರಿಕೆಯೇ ಇಲ್ಲದಿದ್ದಲ್ಲಿ ಯಾವ ಆರ್‌ಸಿಸಿಬಿಯೂ ಸಹಾಯಕ್ಕೆ ಬರುವುದಿಲ್ಲ. ಬಹಳ ಕಾಲ ಕದಲದೆ ಇದ್ದಲ್ಲಿ ಇದರ ಯಾಂತ್ರಿಕ ಭಾಗಗಳು ಅಂಟಿಕೊಳ್ಳುವ ಸಂಭವವಿರುವುದರಿಂದ, ಅದರ ಮೇಲಿರುವ ಟೆಸ್ಟ್ ಗುಂಡಿಯನ್ನು ತಯಾರಕರು ತಿಳಿಸಿದ ಅವಧಿಗೊಮ್ಮೆ ತಪ್ಪದೆ ಒತ್ತಿ ನೋಡತಕ್ಕದ್ದು.

ಕಣ್ಣಿನ ಪರೀಕ್ಷೆ

ಪರೀಕ್ಷೆ ಎಂದೊಡನೆ ಮಾಪಕಗಳು ನೆನಪಾಗುತ್ತವೆ. ಆದರೆ ದೋಷಗಳಲ್ಲಿ ಬಹುಪಾಲು ಕಣ್ಣಿಗೆ ಕಾಣುವಂತಹವೇ ಆಗಿರುತ್ತವೆ. ಇದಕ್ಕೆ ವಿದ್ಯುತ್ ತಜ್ಞರೇ ಬೇಕೆಂದಿಲ್ಲ. ಏನನ್ನು ನೋಡಬೇಕೆಂದು ಒಮ್ಮೆ ತಿಳಿಸಿಕೊಟ್ಟಲ್ಲಿ ಯಂತ್ರ ಬಳಸುವ ಕೆಲಸಗಾರರೇ ಇದನ್ನು ಮಾಡಬಹುದು. ಪ್ಲಗ್ಗನ್ನು ಸಾಕೆಟ್ಟಿನಿಂದ ಹೊರತೆಗೆದ ನಂತರವೇ ಪರಿಶೀಲನೆ ಆರಂಭಿಸತಕ್ಕದ್ದು. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚನ್ನು ನ್ಯೂಟ್ರಲ್‌ಗೆ ಜೋಡಿಸಿರುವ ಕಟ್ಟಡಗಳಲ್ಲಿ, ಆರಿಸಿದ ಮೇಲೂ ಫೇಸ್ ಉಪಕರಣದವರೆಗೆ ಬಂದು ನಿಂತಿರುತ್ತದೆ.

ವೈರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳುಗಳ ನಡುವೆ ಹಾಯಿಸಿ ನೋಡಬೇಕು. ಸೀಳು, ಸುಟ್ಟ ಕಲೆ, ಇನ್ಸುಲೇಷನ್ ಟೇಪು ಸುತ್ತಿದ ಜೋಡಣೆ ಇದ್ದಲ್ಲಿ ಆ ವೈರನ್ನು ಬದಲಾಯಿಸಬೇಕು. ಟೇಪು ಸುತ್ತಿದ ಜೋಡಣೆಯು ನೆಲದ ಮೇಲೆ ಎಳೆದಾಡುವ ವೈರಿಗೆ ರಿಪೇರಿ ಎನಿಸಿಕೊಳ್ಳುವುದಿಲ್ಲ. ವೈರು ಹೆಚ್ಚಾಗಿ ಕೆಡುವುದು ಎರಡು ಕಡೆ, ಯಂತ್ರದೊಳಕ್ಕೆ ಪ್ರವೇಶಿಸುವಲ್ಲಿ ಮತ್ತು ಪ್ಲಗ್ಗಿನೊಳಕ್ಕೆ ಪ್ರವೇಶಿಸುವಲ್ಲಿ. ವೈರನ್ನು ಹಿಡಿದು ಯಂತ್ರ ಎಳೆಯುವ, ವೈರನ್ನು ಜಗ್ಗಿ ಪ್ಲಗ್ ಕೀಳುವ ಅಭ್ಯಾಸದ ಫಲ ಇದು. ಹೊರಹೊದಿಕೆ ಹಿಂದೆ ಸರಿದು ಒಳಗಿನ ಬಣ್ಣದ ತಂತಿಗಳು ಕಾಣುತ್ತಿದ್ದರೆ, ಒಳಗಿನ ಹಿಡಿಕೆ ಸಡಿಲವಾಗಿದ್ದು ಎಳೆತವೆಲ್ಲ ತಂತಿಗಳ ಸ್ಕ್ರೂಗಳ ಮೇಲೆ ಬೀಳುತ್ತಿದೆ ಎಂದು ತಿಳಿಯಬೇಕು.

ರಿಪೇರಿ ಮಾಡಬಹುದಾದ ಪ್ಲಗ್ಗನ್ನು ಬಿಚ್ಚಿ ನೋಡುವುದು ಅತ್ಯಗತ್ಯ. ಮೂರು ತಂತಿಯ ವೈರಿನಲ್ಲಿ ಕಂದು ಬಣ್ಣ ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಭೂಸಂಪರ್ಕ. ಹಳೆಯ ವೈರುಗಳಲ್ಲಿ ಕ್ರಮವಾಗಿ ಕೆಂಪು, ಕಪ್ಪು, ಹಸಿರು. ಇಲ್ಲಿ ಒಂದು ಗೊಂದಲಕ್ಕೆ ಅವಕಾಶವಿದೆ. ಹಳೆಯ ಕಟ್ಟಡಗಳ ಮೂರು ಫೇಸಿನ ಸ್ಥಿರ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್ ತಂತಿಗಳು. ಅಲ್ಲಿ ಕೆಲಸ ಮಾಡಿ ರೂಢಿಯಾದವರಿಗೆ ಉಪಕರಣದ ನೀಲಿ ತಂತಿಯೂ ಫೇಸ್ ಎಂದು ತೋರಬಹುದು. ಆದ್ದರಿಂದ ಪ್ಲಗ್ ಬದಲಾಯಿಸುವವರಿಗೆ ಈ ವ್ಯತ್ಯಾಸವನ್ನು ಮೊದಲೇ ತಿಳಿಸಿಕೊಡುವುದು ಒಳ್ಳೆಯದು. ಭೂಸಂಪರ್ಕದ ತಂತಿಯನ್ನು ಪ್ಲಗ್ಗಿನೊಳಗೆ ಉಳಿದೆರಡಕ್ಕಿಂತ ತುಸು ಉದ್ದವಾಗಿ ಬಿಟ್ಟು ಜೋಡಿಸುವುದು ಉತ್ತಮ. ವೈರನ್ನು ಯಾರಾದರೂ ಜಗ್ಗಿದಾಗ ಅದು ಎಲ್ಲಕ್ಕಿಂತ ಕೊನೆಗೆ ಕಿತ್ತುಬರುತ್ತದೆ.

ಮಾಪಕಗಳಿಂದ ಪರೀಕ್ಷೆ

ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಉಪಕರಣವನ್ನು ಮಾತ್ರ ಮಾಪಕಕ್ಕೆ ಜೋಡಿಸತಕ್ಕದ್ದು. ಈ ಪರೀಕ್ಷೆಯನ್ನು ತರಬೇತಿ ಪಡೆದ ವ್ಯಕ್ತಿಯೇ ನಡೆಸಬೇಕಾಗಿರುತ್ತದೆ. ಸ್ಕ್ರೂಡ್ರೈವರ್ ಆಕಾರದ ಟೆಸ್ಟರ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಒತ್ತಡ ಇದೆಯೆಂದು ತೋರಿಸಬಲ್ಲದೇ ಹೊರತು ಭೂಸಂಪರ್ಕ ಇದೆಯೇ ಎಂದು ಹೇಳಲಾರದು.

ಒಂದನೆಯ ವರ್ಗದ ಉಪಕರಣಗಳಿಗೆ ಮೊದಲನೆಯದು ಭೂಸಂಪರ್ಕದ ಅಖಂಡತೆಯ ಪರೀಕ್ಷೆ. ಪ್ಲಗ್ಗಿನ ದಪ್ಪ ಪಿನ್ನಿಗೂ ಉಪಕರಣದ ಬಣ್ಣವಿಲ್ಲದ ಲೋಹದ ಭಾಗಕ್ಕೂ ನಡುವಿನ ರೋಧವನ್ನು ಅಳೆಯಲಾಗುತ್ತದೆ. ವೈರಿನ ರೋಧದ ಮೇಲೆ 0.1 ಓಮ್‌ಗಿಂತ ಹೆಚ್ಚಿರಬಾರದು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಮಿತಿ. ಉದಾಹರಣೆಗೆ, 0.75 ಚದರ ಮಿಲಿಮೀಟರಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.026 ಓಮ್ ರೋಧ ಇರುವುದರಿಂದ, 5 ಮೀಟರ್ ಉದ್ದದ ವೈರಿಗೆ 0.13 ಓಮ್ ಆಗುತ್ತದೆ. ಅಂತಹ ಉಪಕರಣದಲ್ಲಿ 0.23 ಓಮ್‌ವರೆಗೆ ಒಪ್ಪಬಹುದು. ಅಳೆಯುವಾಗ ವೈರನ್ನು ಎರಡೂ ತುದಿಗಳಲ್ಲಿ ಬಾಗಿಸುತ್ತಾ ಮಾಪಕದ ಮುಳ್ಳನ್ನು ಅಥವಾ ಅಂಕಿಯನ್ನು ಗಮನಿಸಬೇಕು. ಒಳಗೆ ಒಂದೆರಡು ಎಳೆಗಳ ಮೇಲೆ ಮಾತ್ರ ನಿಂತಿರುವ ತಂತಿಯು ನೇರವಾಗಿಟ್ಟಾಗ ಸರಿಯಾಗಿಯೂ ಬಾಗಿಸಿದಾಗ ತುಂಡಾಗಿಯೂ ತೋರುತ್ತದೆ. ಕೆಲಸದಲ್ಲಿ ವೈರು ನೇರವಾಗಿರುವುದು ಅಪರೂಪ.

ಎರಡನೆಯದು ಅವಾಹಕ ಹೊದಿಕೆಯ ರೋಧದ ಪರೀಕ್ಷೆ. ವಯರ್‌ಮನ್ನರು ಮೆಗ್ಗರ್ ಹಾಕುವುದು ಎನ್ನುವುದು ಇದನ್ನೇ. ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳನ್ನು ಒಟ್ಟುಗೂಡಿಸಿ, ಅವುಗಳಿಗೂ ಲೋಹದ ಮೈಗೂ ನಡುವೆ 500 ವೋಲ್ಟ್ ಏಕಮುಖ ವಿದ್ಯುತ್ ಹಾಯಿಸಿ ಅಳೆಯಲಾಗುತ್ತದೆ. ಒಂದನೆಯ ವರ್ಗಕ್ಕೆ ಕನಿಷ್ಠ 1 ಮೆಗಾ ಓಮ್, ಎರಡನೆಯ ವರ್ಗಕ್ಕೆ ಕನಿಷ್ಠ 2 ಮೆಗಾ ಓಮ್ ಇರಬೇಕು. ಸುಸ್ಥಿತಿಯಲ್ಲಿರುವ ಉಪಕರಣದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ. ಈ ಪರೀಕ್ಷೆಯ ಸಮಯದಲ್ಲಿ ಉಪಕರಣದ ಸ್ವಂತ ಸ್ವಿಚ್ಚು ಚಾಲೂ ಸ್ಥಿತಿಯಲ್ಲಿರಬೇಕು. ಇಲ್ಲವಾದಲ್ಲಿ ಪರೀಕ್ಷೆಯಾಗುವುದು ವೈರು ಮಾತ್ರ. ಒಳಗಿನ ಮೋಟಾರು ಅಥವಾ ಕಾಯಿಲ್ ಪರೀಕ್ಷೆಯಾಗದೆಯೇ ಉಪಕರಣಕ್ಕೆ ಉತ್ತಮ ಅಂಕಿ ದೊರೆತುಬಿಡುತ್ತದೆ.

ಅಂಕಿ ಕಡಿಮೆ ಬಂದಾಗಲೆಲ್ಲ ಉಪಕರಣ ಕೆಟ್ಟಿದೆ ಎಂದೂ ಅಲ್ಲ. ಬಹುಕಾಲ ಬಳಸದೆ ಇಟ್ಟ ಹೀಟರಿನ ಕಾಯಿಲ್ ಒಳಗಿನ ಪುಡಿ ತೇವ ಹೀರಿಕೊಂಡು ಕಡಿಮೆ ರೋಧ ತೋರಿಸುತ್ತದೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಇದನ್ನು ನಿರೀಕ್ಷಿಸಬಹುದು. ಅಂತಹದನ್ನು ಒಣಗಿಸಿ ಮತ್ತೊಮ್ಮೆ ಅಳೆಯಬೇಕು. ಅತಿ ಒತ್ತಡ ತಡೆಯುವ ಘಟಕವಿರುವ ಎಕ್ಸ್‌ಟೆನ್ಷನ್ ಬಾಕ್ಸುಗಳೂ 500 ವೋಲ್ಟಿನಲ್ಲಿ ಸುಳ್ಳು ಅಂಕಿ ತೋರಿಸಬಹುದು. ಅವುಗಳಿಗೆ 250 ವೋಲ್ಟಿನ ಪರೀಕ್ಷೆ ಅಥವಾ ಸೋರಿಕೆ ಅಳೆಯುವ ವಿಧಾನ ಅನುಸರಿಸಬೇಕಾಗುತ್ತದೆ.

ಸಾಕೆಟ್ಟಿನ ಪರಿಶೀಲನೆ

ಉಪಕರಣ ಎಷ್ಟೇ ಸರಿಯಿದ್ದರೂ ಅದರ ಮೂರನೆಯ ತಂತಿ ಸೇರುವುದು ಸಾಕೆಟ್ಟಿನ ಭೂಸಂಪರ್ಕವನ್ನು. ಅಲ್ಲಿ ಏನೂ ಇಲ್ಲದಿದ್ದಲ್ಲಿ ಮೇಲಿನ ಪರೀಕ್ಷೆಗಳ ಫಲ ದೊರೆಯುವುದಿಲ್ಲ. ಇದಕ್ಕಿಂತಲೂ ಅಪಾಯಕಾರಿಯಾದ ಒಂದು ಪದ್ಧತಿ ಕೆಲವೆಡೆ ಕಂಡುಬರುತ್ತದೆ. ಭೂಸಂಪರ್ಕದ ತಂತಿ ಎಳೆಯುವ ಖರ್ಚು ಉಳಿಸಲು ಸಾಕೆಟ್ಟಿನೊಳಗೇ ನ್ಯೂಟ್ರಲ್‌ನಿಂದ ಭೂಸಂಪರ್ಕದ ರಂಧ್ರಕ್ಕೆ ಒಂದು ತುಂಡು ತಂತಿ ಜೋಡಿಸಿಬಿಡುತ್ತಾರೆ. ಎಲ್ಲವೂ ಸರಿಯಿದ್ದಂತೆ ತೋರುತ್ತದೆ. ಮೂರು ದೀಪದ ಸಾಕೆಟ್ ಪರೀಕ್ಷಕವೂ ಸರಿ ಎಂದೇ ತೋರಿಸುತ್ತದೆ. ಆದರೆ ಆ ಸಾಕೆಟ್ಟಿನ ಹಿಂದೆ ಎಲ್ಲಾದರೂ ನ್ಯೂಟ್ರಲ್ ತಂತಿ ಸಡಿಲವಾಗಿ ಬಿಟ್ಟುಕೊಂಡ ಕ್ಷಣವೇ, ಚಾಲೂ ಸ್ಥಿತಿಯಲ್ಲಿರುವ ಉಪಕರಣದ ಮೂಲಕ ಹಾದ ಫೇಸ್ ಒತ್ತಡವು ನೇರವಾಗಿ ಅದರ ಲೋಹದ ಮೈಗೆ ಬರುತ್ತದೆ. ಯಂತ್ರ ನಿಲ್ಲುತ್ತದೆ. ಏಕೆ ನಿಂತಿತೆಂದು ನೋಡಲು ಕೆಲಸಗಾರ ಅದನ್ನು ಮುಟ್ಟುತ್ತಾನೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲದೆ ಜೀವ ಹೋಗುವ ಸಂದರ್ಭ ಇದು. ಸರಿಯಾಗಿ ಅಳವಡಿಸಿದ ಆರ್‌ಸಿಸಿಬಿ ಇರುವಲ್ಲಿ ಇಂತಹ ಜೋಡಣೆ ಮಾಡಿದರೆ, ಚಾಲೂ ಸ್ಥಿತಿಯಲ್ಲಿರುವ ಯಂತ್ರದ ಲೋಹದ ಮೈ ಭೂಮಿಯ ಸಂಪರ್ಕಕ್ಕೆ ಬಂದಾಗ ಅದು ಪದೇ ಪದೇ ಬೀಳಬಹುದು. ಹಾಗೆ ಬೀಳುವುದನ್ನು ತೊಂದರೆ ಎಂದು ಬಗೆದು ಆರ್‌ಸಿಸಿಬಿಯನ್ನೇ ತೆಗೆಸಿಹಾಕುವುದು ಎರಡನೆಯ ತಪ್ಪು. ಭೂಸಂಪರ್ಕ ಸಾಲಿನ ನಿಜವಾದ ರೋಧ ಅಳೆಯುವ ಲೂಪ್ ಮಾಪಕ ಬಳಸುವುದರ ಜೊತೆಗೆ ಸಾಕೆಟ್ಟನ್ನು ಬಿಚ್ಚಿ ನೋಡುವುದು ಇಲ್ಲಿ ಅವಶ್ಯಕ.

ಎಷ್ಟು ಅವಧಿಗೊಮ್ಮೆ ಪರೀಕ್ಷಿಸಬೇಕು?

ಎಲ್ಲ ಉಪಕರಣಗಳಿಗೂ ಅನ್ವಯವಾಗುವ ಒಂದೇ ಅವಧಿ ಇರುವುದಿಲ್ಲ. ಬ್ರಿಟನ್ನಿನಲ್ಲಿ ಈ ಪರೀಕ್ಷೆ ಬಹುವಾಗಿ ರೂಢಿಯಲ್ಲಿದ್ದು, ವರ್ಷಕ್ಕೊಮ್ಮೆ ಪರೀಕ್ಷೆ ಕಾನೂನಿನ ಕಡ್ಡಾಯ ಎಂಬ ತಪ್ಪು ತಿಳಿವಳಿಕೆ ಅಲ್ಲಿ ಬಹಳ ವರ್ಷ ಹರಡಿತ್ತು. ಅಲ್ಲಿನ 1989ರ ನಿಯಮಗಳು ಉಪಕರಣವನ್ನು ಅಪಾಯವಾಗದಂತೆ ಸುಸ್ಥಿತಿಯಲ್ಲಿಡಬೇಕೆಂದು ಹೇಳುತ್ತವೆಯೇ ಹೊರತು ಅವಧಿಯನ್ನು ನಿಗದಿಪಡಿಸುವುದಿಲ್ಲ. ಕಚೇರಿಯ ಮೇಜಿನ ಮೇಲೆ ಅಲುಗಾಡದೆ ಕುಳಿತ ಮುದ್ರಕಕ್ಕೂ ಕಲ್ಲುಪುಡಿ ಮತ್ತು ನೀರಿನ ನಡುವೆ ದಿನವಿಡೀ ಓಡುವ ಕತ್ತರಿಸುವ ಯಂತ್ರಕ್ಕೂ ಒಂದೇ ಅವಧಿ ಹಾಕಿದಲ್ಲಿ, ಮೊದಲನೆಯದಕ್ಕೆ ಹಣ ವ್ಯರ್ಥವಾಗುತ್ತದೆ, ಎರಡನೆಯದಕ್ಕೆ ಪರೀಕ್ಷೆ ಸಾಲದಾಗುತ್ತದೆ.

ಕಟ್ಟಡ ನಿರ್ಮಾಣ ಸ್ಥಳದಲ್ಲಿ ಬಳಸುವ ಕೈ ಯಂತ್ರಗಳನ್ನು ಪ್ರತಿದಿನ ಕೆಲಸ ಆರಂಭಿಸುವ ಮುನ್ನ ಬಳಸುವವರೇ ಕಣ್ಣಿನಿಂದ ನೋಡುವುದು, ಮೇಲ್ವಿಚಾರಕರು ವಾರಕ್ಕೊಮ್ಮೆ ಪ್ಲಗ್ ಸಹಿತ ಪರಿಶೀಲಿಸುವುದು, ಮೂರು ತಿಂಗಳಿಗೊಮ್ಮೆ ಮಾಪಕದಿಂದ ಪರೀಕ್ಷಿಸುವುದು ಸೂಕ್ತ. ಹೋಟೆಲಿನ ಅಡುಗೆಮನೆ, ವಾಹನ ತೊಳೆಯುವ ಸ್ಥಳ, ಬಟ್ಟೆ ಒಗೆಯುವ ಘಟಕಗಳಲ್ಲಿ ನೆಲ ಸದಾ ಒದ್ದೆಯಾಗಿರುವುದರಿಂದ ಮತ್ತು ಕೆಲಸಗಾರರು ಬರಿಗಾಲಿನಲ್ಲಿರುವುದೂ ಉಂಟಾದ್ದರಿಂದ ಅವುಗಳನ್ನೂ ಇದೇ ಸಾಲಿನಲ್ಲಿಡಬೇಕು. ಕಾರ್ಖಾನೆಯ ಒಣ ವಿಭಾಗಗಳಲ್ಲಿ ಆರು ತಿಂಗಳು ಅಥವಾ ಒಂದು ವರ್ಷ ಸಾಕಾಗಬಹುದು. ಕಚೇರಿಯ ಸಾಧನಗಳಿಗೆ ಕಣ್ಣಿನ ಪರೀಕ್ಷೆಯೇ ಮುಖ್ಯ. ಇವು ಮಾರ್ಗದರ್ಶಿ ಅವಧಿಗಳಷ್ಟೇ. ಪರೀಕ್ಷೆಯಲ್ಲಿ ಪ್ರತಿ ಬಾರಿಯೂ ದೋಷ ಕಂಡುಬರುತ್ತಿದ್ದರೆ ಅವಧಿಯನ್ನು ಕಡಿಮೆ ಮಾಡಬೇಕು, ವರ್ಷಗಟ್ಟಲೆ ಏನೂ ಕಾಣದಿದ್ದರೆ ಹೆಚ್ಚಿಸಬಹುದು. ಬಾಡಿಗೆಗೆ ತಂದ ಯಂತ್ರ, ಗುತ್ತಿಗೆ ಕಾರ್ಮಿಕರು ತಮ್ಮೊಂದಿಗೆ ತಂದ ಯಂತ್ರ ಮತ್ತು ರಿಪೇರಿಯಿಂದ ಮರಳಿದ ಯಂತ್ರಗಳನ್ನು ಅವಧಿ ನೋಡದೆ, ಬಳಕೆಗೆ ಮುನ್ನವೇ ಪರೀಕ್ಷಿಸತಕ್ಕದ್ದು.

ದಾಖಲೆ ಮತ್ತು ಗುರುತು ಚೀಟಿ

ಪ್ರತಿ ಉಪಕರಣಕ್ಕೂ ಒಂದು ಸಂಖ್ಯೆ ಕೊಟ್ಟು, ವಹಿಯಲ್ಲಿ ಅದರ ವಿವರ, ವರ್ಗ, ಪರೀಕ್ಷಿಸಿದ ದಿನಾಂಕ, ಅಳೆದ ಅಂಕಿಗಳು ಹಾಗೂ ಪರೀಕ್ಷಿಸಿದವರ ಸಹಿಯನ್ನು ದಾಖಲಿಸಬೇಕು. ಕೇವಲ ಸರಿ ಇದೆ ಎಂದು ಬರೆದರೆ ಉಪಯೋಗವಿಲ್ಲ. ಕಳೆದ ವರ್ಷ 50 ಮೆಗಾ ಓಮ್ ಇದ್ದದ್ದು ಈ ವರ್ಷ 3 ಮೆಗಾ ಓಮ್‌ಗೆ ಇಳಿದಿದ್ದಲ್ಲಿ ಎರಡೂ ಬಾರಿ ಉಪಕರಣ ತೇರ್ಗಡೆಯಾಗಿರುತ್ತದೆ, ಆದರೆ ಮುಂದಿನ ವರ್ಷದವರೆಗೆ ಕಾಯಬಾರದೆಂದು ಅಂಕಿಗಳೇ ಹೇಳುತ್ತಿರುತ್ತವೆ. ಉಪಕರಣಕ್ಕೆ ಅಂಟಿಸುವ ಚೀಟಿಯು ಆ ದಿನದ ಸ್ಥಿತಿಯನ್ನು ಮಾತ್ರ ತಿಳಿಸುತ್ತದೆ. ಮರುದಿನವೇ ವೈರಿನ ಮೇಲೆ ಕೈಗಾಡಿ ಹಾಯ್ದಲ್ಲಿ ಚೀಟಿಗೆ ಬೆಲೆಯಿಲ್ಲ. ದೋಷ ಕಂಡ ಉಪಕರಣವನ್ನು ಬೇರೆಡೆ ಬೀಗದೊಳಗಿಡಬೇಕು. ಮೂಲೆಯಲ್ಲಿಟ್ಟದ್ದು ಕೆಲಸದ ಒತ್ತಡ ಹೆಚ್ಚಿದ ದಿನ ಮತ್ತೆ ಹೊರಬರುತ್ತದೆ.

ಐಎಸ್ಐ ಗುರುತಿನ ಬಗ್ಗೆಯೂ ಒಂದು ಮಾತು. ಇಸ್ತ್ರಿ ಪೆಟ್ಟಿಗೆ, ವೈರು ಮುಂತಾದವುಗಳಿಗೆ ಈ ಗುರುತನ್ನು ಕೇಂದ್ರ ಸರ್ಕಾರವು 2003ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ಕಡ್ಡಾಯಗೊಳಿಸಿತು. ಖರೀದಿಸುವಾಗ ಗುರುತನ್ನು ನೋಡಿಯೇ ಖರೀದಿಸಬೇಕು. ಆದರೆ ಅದು ಕಾರ್ಖಾನೆಯಿಂದ ಹೊರಟಾಗಿನ ಗುಣಮಟ್ಟವನ್ನು ಸೂಚಿಸುತ್ತದೆಯೇ ಹೊರತು ಐದು ವರ್ಷ ಬಳಸಿದ ನಂತರದ ಸ್ಥಿತಿಯನ್ನಲ್ಲ.

ಕಾನೂನಿನ ಹೊಣೆ

ವಿದ್ಯುಚ್ಛಕ್ತಿ ಅಧಿನಿಯಮ 2003ರ 53ನೆಯ ಪ್ರಕರಣದಡಿ ಸುರಕ್ಷತಾ ಕ್ರಮಗಳನ್ನು ಕೇಂದ್ರ ವಿದ್ಯುಚ್ಛಕ್ತಿ ಪ್ರಾಧಿಕಾರವು ನಿರ್ದಿಷ್ಟಪಡಿಸುತ್ತದೆ. ಈ ಬಗ್ಗೆ 2010ರಲ್ಲಿ ಹೊರಡಿಸಿದ್ದ ವಿನಿಯಮಗಳ ಸ್ಥಾನದಲ್ಲಿ 2023ರಲ್ಲಿ ಹೊಸ ವಿನಿಯಮಗಳು ಬಂದಿವೆ. ಸಾಗಿಸಬಹುದಾದ ಉಪಕರಣಗಳ ವೈರು ದೃಢವಾದ ಹೊದಿಕೆಯುಳ್ಳದ್ದಾಗಿರಬೇಕು, ಸಿಂಗಲ್ ಫೇಸಿಗೆ ಮೂರು ತಂತಿ, ಮೂರು ಫೇಸಿಗೆ ನಾಲ್ಕು ತಂತಿ ಇರಬೇಕು, ಭೂಸಂಪರ್ಕದ ತಂತಿಯನ್ನು ಸುಲಭವಾಗಿ ಗುರುತಿಸುವಂತಿರಬೇಕು ಎಂಬ ನಿಯಮ 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳಲ್ಲಿಯೇ ಇತ್ತು. ಮೀಟರಿನ ನಂತರದ ಸ್ಥಾವರ ಮತ್ತು ಉಪಕರಣಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಬಳಕೆದಾರರದು. ವಿದ್ಯುತ್ ಸರಬರಾಜು ಕಂಪನಿ ಸಂಪರ್ಕ ನೀಡಿದೆ ಎಂಬುದು ಈ ಹೊಣೆಯಿಂದ ಪಾರಾಗಲು ಕಾರಣವಾಗುವುದಿಲ್ಲ.

ಅಪಘಾತ ಸಂಭವಿಸಿದಲ್ಲಿ

ಶಾಕ್ ತಗುಲಿ ಉಪಕರಣಕ್ಕೆ ಅಂಟಿಕೊಂಡ ವ್ಯಕ್ತಿಯನ್ನು ಬರಿಗೈಯಿಂದ ಮುಟ್ಟಬಾರದು. ಮೊದಲು ಮೇನ್ ಸ್ವಿಚ್ ಆರಿಸಬೇಕು ಅಥವಾ ಪ್ಲಗ್ ತೆಗೆಯಬೇಕು. ಅದು ಸಾಧ್ಯವಾಗದಿದ್ದಲ್ಲಿ, ಒಣ ನೆಲದ ಮೇಲೆ ನಿಂತು ಒಣಗಿದ ಮರದ ಕೋಲಿನಿಂದ ಉಪಕರಣವನ್ನು ದೂರ ತಳ್ಳಬೇಕು. ಪ್ರಜ್ಞೆ ಮತ್ತು ಸಹಜ ಉಸಿರಾಟ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿಯಂತೆ ಬಲವಾಗಿ ಒತ್ತುತ್ತಿರಬೇಕು. ಚೇತರಿಸಿಕೊಂಡಂತೆ ಕಂಡರೂ ವ್ಯಕ್ತಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ಅವಶ್ಯಕ, ಏಕೆಂದರೆ ಹೃದಯದ ಬಡಿತದ ಏರುಪೇರು ಹೊರಗೆ ಕಾಣುವುದಿಲ್ಲ.

ವಿದ್ಯುತ್ ಅಪಘಾತದಿಂದ ವ್ಯಕ್ತಿಗೆ ಅಥವಾ ಪ್ರಾಣಿಗೆ ಸಾವು ಅಥವಾ ಗಾಯ ಸಂಭವಿಸಿದಲ್ಲಿ ಅಧಿನಿಯಮದ 161ನೆಯ ಪ್ರಕರಣದಂತೆ ವಿದ್ಯುತ್ ಪರಿವೀಕ್ಷಕರಿಗೆ ಸೂಚನೆ ನೀಡಬೇಕಾಗಿರುತ್ತದೆ. ಗಾಯಾಳುವಿನ ರಕ್ಷಣೆಗೆ ಅವಶ್ಯವಾದಷ್ಟನ್ನು ಬಿಟ್ಟು, ಉಪಕರಣ, ವೈರು, ಪ್ಲಗ್ ಮತ್ತು ಸಾಕೆಟ್ಟನ್ನು ತನಿಖೆ ಮುಗಿಯುವವರೆಗೆ ಇದ್ದ ಸ್ಥಿತಿಯಲ್ಲಿಯೇ ಉಳಿಸತಕ್ಕದ್ದು. ಉಪಕರಣದ ಪರೀಕ್ಷಾ ದಾಖಲೆಯನ್ನು ಪರಿವೀಕ್ಷಕರು ಕೇಳಿದಲ್ಲಿ ಒದಗಿಸಬೇಕು. ಅದೇ ಮಾದರಿಯ, ಅದೇ ಸಮಯದಲ್ಲಿ ಖರೀದಿಸಿದ ಇತರ ಉಪಕರಣಗಳಿದ್ದಲ್ಲಿ ಅವುಗಳ ಬಳಕೆಯನ್ನು ಅಂದೇ ನಿಲ್ಲಿಸಿ, ಪ್ಲಗ್ಗಿನಿಂದ ಆರಂಭಿಸಿ ಒಂದೊಂದನ್ನೂ ಬಿಚ್ಚಿ ಪರೀಕ್ಷಿಸತಕ್ಕದ್ದು.